ಪಕ್ಷಿಚಿತ್ರವೂ ಸಂಕಲ್ಪಹಿಂಸೆಯೂ

೧

ವನ್ಯಜೀವಿಗಳ ಛಾಯಾಚಿತ್ರಣವು ಕಲೆಯೆಂದೂ ಶಾಸ್ತ್ರಕ್ಕೆ ಸಾಧನವೆಂದೂ ಎರಡು ಬಗೆಯಲ್ಲಿ ಮನ್ನಣೆ ಪಡೆದಿದೆ. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಎಂ. ವೈ. ಘೋರ್ಪಡೆ ಮೊದಲಾದವರು ಕರ್ನಾಟಕದಲ್ಲಿ ಈ ಕಲೆಗೆ ಗೌರವ ತಂದರು. ಪೂರ್ಣಚಂದ್ರ ತೇಜಸ್ವಿಯವರ ಬರಹದಿಂದಾಗಿ ಹಕ್ಕಿಗಳ ಲೋಕವು ಸಾಮಾನ್ಯ ಕನ್ನಡ ವಾಚಕನ ಮನೆಯೊಳಕ್ಕೂ ಬಂದಿತು. ಹೀಗಿದ್ದರೂ ಇಂಥ ಚಿತ್ರಗಳನ್ನು ಕುರಿತ ವಿಮರ್ಶೆ ನಮ್ಮ ಭಾಷೆಯಲ್ಲಿ ಇನ್ನೂ ಎಳೆಯದೆಂದೇ ಹೇಳಬೇಕು. ಚಿತ್ರದ ಸ್ಫುಟತೆ, ಬೆಳಕಿನ ಹದ, ಹಕ್ಕಿಯ ಅಪೂರ್ವತೆ ಇವನ್ನು ಹೊಗಳಿ ಸುಮ್ಮನಾಗುವುದು ವಾಡಿಕೆ. ಚಿತ್ರದಲ್ಲಿ ರಕ್ತ ಕಂಡಾಗ ಮಾತ್ರ ನಾವು ತಟ್ಟನೆ ನೀತಿಯ ಮಾತೆತ್ತುತ್ತೇವೆ: ಇಂಥದನ್ನು ತೋರಿಸಬಹುದೆ, ನಾಲ್ವರಿಗೆ ಹಂಚಬಹುದೆ? ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ರಕ್ತ ಕಂಡಾಗ ಮಾತ್ರ ಕೇಳತಕ್ಕ ಪ್ರಶ್ನೆಯೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲಸಿದ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಚಳಿಗಾಲ ಸಮೀಪಿಸಿದಂತೆ ಠಾಣೆಯ ಖಾಡಿಗೆ ರಾಜಹಂಸಗಳು, ಎಂದರೆ ಫ್ಲೆಮಿಂಗೋ ಹಕ್ಕಿಗಳು, ಹಿಂಡುಹಿಂಡಾಗಿ ಬಂದಿಳಿಯುತ್ತವೆ. ೨೦೧೫ರಲ್ಲಿ ಅಲ್ಲಿ ಪಕ್ಷಿಧಾಮವಾಯಿತು. ೨೦೨೨ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ಪುಣೆಯವರಿಗೆ ಉಜನಿ ಜಲಾಶಯದ ಹಿನ್ನೀರಿನ ಭಿಗವಣ ಉಂಟು. ದಿಲ್ಲಿಯವರಿಗೆ ಯಮುನೆಯ ಘಾಟಿನ ಕಡಲಹಕ್ಕಿಗಳುಂಟು. ಈ ಎಲ್ಲ ಎಡೆಗಳಲ್ಲಿಯೂ ಹಕ್ಕಿಗಳೊಡನೆ ಕ್ಯಾಮರಾಗಳೂ ವಲಸೆ ಬರುತ್ತವೆ. ಒಂದು ಸುರುಳಿಗೆ ಮೂವತ್ತಾರೇ ಚಿತ್ರಗಳೆಂದು ಎಣಿಸಿ ಗುಂಡಿಯೊತ್ತುತ್ತಿದ್ದ ಕಾಲ ಹೋಗಿ, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಯಂತ್ರವು ಹವ್ಯಾಸಿಯ ಕೈಗೂ ಬಂದಿದೆ. ತೆಗೆದ ಚಿತ್ರ ಸಂಜೆಯೊಳಗೆ ಸಾವಿರ ಮೊಬೈಲುಗಳಲ್ಲಿ ತೆರೆದುಕೊಳ್ಳುತ್ತದೆ.

ಈ ಚಳಿಗಾಲದ ಅತಿಥಿಗಳಿಗೆ ಮರಳುವ ಕಾಲವಾದ ಮೇ ತಿಂಗಳಲ್ಲಿ, ೨೦೨೪ರ ೨೦ನೆಯ ತೇದಿಯ ರಾತ್ರಿ, ದುಬೈಯಿಂದ ಬಂದು ಮುಂಬಯಿಯಲ್ಲಿ ಇಳಿಯುತ್ತಿದ್ದ ವಿಮಾನವೊಂದು ಘಾಟ್‌ಕೋಪರಿನ ಮೇಲೆ ರಾಜಹಂಸಗಳ ಹಿಂಡಿಗೆ ಬಡಿಯಿತು. ವಿಮಾನ ಸುರಕ್ಷಿತವಾಗಿ ಇಳಿಯಿತು. ಮೂವತ್ತಕ್ಕೂ ಮೀರಿ ಹಕ್ಕಿಗಳು ಸತ್ತು ಬಿದ್ದವು. ಮರುದಿನ ಆ ಗುಲಾಬಿ ದೇಹಗಳ ಚಿತ್ರಗಳು ಊರೆಲ್ಲ ಸುತ್ತಿದವು. ಆಗ ಎರಡು ವಾದಗಳು ಕೇಳಿಬಂದವು. ಇಂಥ ಚಿತ್ರಗಳನ್ನು ಹರಡುವುದು ಸತ್ತ ಜೀವಕ್ಕೆ ಅವಮಾನವೆಂದು ಕೆಲವರೆಂದರು. ತೋರಿಸದಿದ್ದರೆ ಯಾರಿಗೂ ಕರುಣೆ ಹುಟ್ಟದೆಂದು ಉಳಿದವರೆಂದರು. ಎರಡು ವಾದಗಳೂ ಮೇಲುನೋಟಕ್ಕೆ ವಿರುದ್ಧವಾಗಿ ಕಂಡರೂ ಅವುಗಳ ಅಳತೆಗೋಲು ಒಂದೇ. ಚಿತ್ರದಲ್ಲಿ ರಕ್ತವೆಷ್ಟಿದೆಯೆಂಬುದರಿಂದಲೇ ಇಬ್ಬರೂ ತೀರ್ಪು ಕೊಡುತ್ತಾರೆ. ಆ ಅಳತೆಗೋಲು ಸಾಲದೆಂಬುದೂ, ಹಿಂಸೆಯನ್ನು ಚಿತ್ರದ ಚೌಕಟ್ಟಿನೊಳಗೆ ಹುಡುಕುವಂತೆಯೇ ಅದರ ಹಿಂದೆಯೂ ಹುಡುಕಬೇಕೆಂಬುದೂ ಪ್ರಕೃತ ಲೇಖನದ ಪ್ರತಿಪಾದ್ಯ.

೨

ಸಾವನ್ನು ಎಷ್ಟರಮಟ್ಟಿಗೆ ಕಣ್ಣೆದುರು ತರಬಹುದೆಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರು ರಂಗಭೂಮಿಯ ಸಂದರ್ಭದಲ್ಲಿ ಎದುರಿಸಿದ್ದರು. ಯುದ್ಧ, ರಾಜ್ಯನಾಶ, ಮರಣ, ನಗರದ ಮುತ್ತಿಗೆ ಇವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ತಿಳಿಸಬೇಕೆಂದು ನಾಟ್ಯಶಾಸ್ತ್ರ ವಿಧಿಸುತ್ತದೆ. ಇಷ್ಟನ್ನೇ ನೋಡಿದರೆ ಪ್ರಾಚೀನರು ರಕ್ತ ಕಂಡು ಹಿಂಜರಿದವರೆಂದು ತೋರಬಹುದು. ಆದರೆ ಅದೇ ಗ್ರಂಥವು ಬೀಭತ್ಸವನ್ನು ರಸಗಳ ಸಾಲಿನಲ್ಲಿ ಕೂರಿಸುತ್ತದೆ. ರಕ್ತಾದಿಗಳಿಂದ ಹುಟ್ಟುವ ಬೀಭತ್ಸಕ್ಕೆ ಕ್ಷೋಭಜವೆಂದೂ, ಹುಳು, ಮಲಗಳಿಂದ ಹುಟ್ಟುವುದಕ್ಕೆ ಉದ್ವೇಗಿಯೆಂದೂ ಬೇರೆ ಬೇರೆ ಹೆಸರಿಡುತ್ತದೆ. ಜುಗುಪ್ಸೆಯನ್ನು ಇಷ್ಟು ಸಾವಧಾನವಾಗಿ ವಿಂಗಡಿಸಿದವರು ಅದನ್ನು ಕಲೆಯಿಂದ ಹೊರಗಟ್ಟಲು ಬಯಸಿದರೆಂದು ಹೇಳಲಾಗದು.

ಹಾಗಾದರೆ ಪ್ರವೇಶಕದ ವಿಧಿಯ ತಾತ್ಪರ್ಯವೇನು? ಪ್ರೇಕ್ಷಕನು ಸಾವಿನ ಬಳಿಗೆ ಕಥನದ ದಾರಿಯಿಂದ ಬರಬೇಕು. ಸತ್ತವನಾರು, ಏಕೆ ಸತ್ತ, ಉಳಿದವರ ಪಾಡೇನು ಎಂಬುದು ಅವನಿಗೆ ತಿಳಿದಿರಬೇಕು. ಭಾಸನ ಊರುಭಂಗವು ಈ ವಿಧಿಯ ಅಕ್ಷರವನ್ನು ಮೀರುತ್ತದೆ. ದುರ್ಯೋಧನನು ರಂಗದ ಮೇಲೆಯೇ ಸಾಯುತ್ತಾನೆ. ಆದರೆ ಹೆತ್ತವರೂ ಮಡದಿಯರೂ ಎಳೆಯ ಮಗನೂ ಅವನನ್ನು ಹುಡುಕಿಕೊಂಡು ಬರುವ ಆ ದೃಶ್ಯದಲ್ಲಿ ಜುಗುಪ್ಸೆಗೆ ಎಡೆಯಿಲ್ಲ. ರನ್ನನ ಗದಾಯುದ್ಧವನ್ನು ಬಲ್ಲವರಿಗೆ ಇದೇ ಸತ್ಯ ಕನ್ನಡದಲ್ಲಿಯೂ ಪರಿಚಿತ. ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ, ನಡೆದಲ್ಲೆಲ್ಲ ನೆತ್ತರು. ಆದರೂ ಓದುಗನು ಮುಖ ತಿರುಗಿಸುವುದಿಲ್ಲ. ಅಲ್ಲಿನ ಹೆಣಗಳಿಗೆ ದ್ರೋಣ, ದುಶ್ಶಾಸನ, ಕರ್ಣ, ಅಭಿಮನ್ಯು ಎಂಬ ಹೆಸರುಗಳುಂಟು. ನೋಡುವವನಿಗೂ ಆ ಒಂದೊಂದು ಹೆಣಕ್ಕೂ ನಡುವೆ ಋಣವುಂಟು. ಹೆಸರೂ ಕಾರಣವೂ ಸಂಬಂಧವೂ ಕೂಡಿದಾಗ ರಕ್ತವು ಶೋಕಕ್ಕೆ ವಿಭಾವವಾಗುತ್ತದೆ. ಅವು ಕಳಚಿಹೋದಾಗ ಬರಿಯ ಕ್ಷೋಭೆಯಾಗಿ ಉಳಿಯುತ್ತದೆ.

ಛಾಯಾಚಿತ್ರಕ್ಕೆ ಅಂಕಗಳಿಲ್ಲ, ಹಿಂದುಮುಂದಿಲ್ಲ. ಒಂದು ಕ್ಷಣವನ್ನು ಕತ್ತರಿಸಿ ನಮ್ಮ ಮುಂದಿಡುವುದೇ ಅದರ ಸ್ವಭಾವ. ಆದ್ದರಿಂದ ಚಿತ್ರದ ಅಡಿಬರಹವೇ ಅದರ ಪ್ರವೇಶಕವೆನ್ನಬೇಕು. ಅಡಿಬರಹವನ್ನು ಅಲಂಕಾರವೆಂದೋ ಔಪಚಾರಿಕವೆಂದೋ ತಿಳಿದವನು ಹಿಂಸೆಯ ಚಿತ್ರವನ್ನು ಹಂಚಲು ಅರ್ಹನಲ್ಲ. ಘಾಟ್‌ಕೋಪರಿನ ಚಿತ್ರಗಳಲ್ಲಿ ಹಲವು ಸ್ಥಳ, ತೇದಿ, ಕಾರಣ ಒಂದೂ ಇಲ್ಲದೆ ಕೈಯಿಂದ ಕೈಗೆ ದಾಟಿದವು. ರಾತ್ರಿ ಹಾರುವ ಹಿಂಡಿನ ದಾರಿಯೂ ವಿಮಾನ ಇಳಿಯುವ ದಾರಿಯೂ ಏಕೆ ಕೂಡಿದವು, ಹಕ್ಕಿಗಳು ಆ ಹೊತ್ತಿನಲ್ಲಿ ಎಲ್ಲಿಂದ ಎದ್ದು ಬಂದವು, ಖಾಡಿಯ ಸುತ್ತಣ ಜೌಗುನೆಲಗಳ ಸ್ಥಿತಿಯೇನು ಎಂಬ ಪ್ರಶ್ನೆಗಳನ್ನು ಎತ್ತಬೇಕಾಗಿದ್ದ ಚಿತ್ರಗಳು ‘ಅಯ್ಯೋ’ ಎಂಬ ಒಂದು ಉದ್ಗಾರವನ್ನು ಪಡೆದು ಮುಗಿದುಹೋದವು. ದೋಷವು ರಕ್ತವನ್ನು ತೋರಿಸಿದ್ದರಲ್ಲಿ ಇರಲಿಲ್ಲ. ರಕ್ತವನ್ನಷ್ಟೇ ತೋರಿಸಿದ್ದರಲ್ಲಿ ಇತ್ತು.

೩

ವನ್ಯಚಿತ್ರಗಳಲ್ಲಿ ಕಾಣುವ ಹಿಂಸೆಯನ್ನು ಒಂದೇ ಗಂಟಿನಲ್ಲಿ ಕಟ್ಟುವುದು ತಪ್ಪು. ಬೇಟೆಗಾರ ಪ್ರಾಣಿ ತನ್ನ ಆಹಾರವನ್ನು ಕೊಲ್ಲುವುದು ಒಂದು. ಮನುಷ್ಯನ ಕೈಯಿಂದಲೋ ಅವನ ಉದಾಸೀನದಿಂದಲೋ ಆಗುವ ಸಾವು ಮತ್ತೊಂದು. ಮೊದಲನೆಯದರಲ್ಲಿ ಅಪರಾಧಿಯೇ ಇಲ್ಲ.

ನಾವು ಎಳವೆಯಿಂದ ಗೋವಿನ ಹಾಡನ್ನು ಕೇಳಿ ಬೆಳೆದವರು. ಹಸಿದ ಹುಲಿಯು ಹಸುವಿನ ಸತ್ಯನಿಷ್ಠೆಗೆ ನಾಚಿ ಪ್ರಾಣ ಬಿಡುವ ಆ ಕಥೆ ಮನುಷ್ಯನ ಧರ್ಮವನ್ನು ಹೇಳಲು ಹುಟ್ಟಿದ್ದು; ಅಲ್ಲಿನ ಹುಲಿ ಹುಲಿಯ ತೊಗಲು ಹೊದ್ದ ಮನುಷ್ಯ. ಈ ಭೇದವನ್ನು ಮರೆತು ಆ ನೀತಿಯನ್ನೇ ಕೆರೆಯಂಗಳಕ್ಕೆ ಒಯ್ದಾಗ ತೊಡಕು ಬರುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಜೌಗು ಸೆಳೆವವು ಜೊಂಡಿನ ಮೇಲೆ ತಗ್ಗಿ ಹಾರುತ್ತ ನಾಮದ ಕೋಳಿಗಳ ಗುಂಪನ್ನು ಬೆದರಿಸುತ್ತದೆ. ಅವು ಒತ್ತೊತ್ತಾಗಿ ಸೇರಿ ನೀರೆರಚುತ್ತವೆ, ಮುಳುಗುತ್ತವೆ. ಸೆಳೆವವು ಮತ್ತೆ ಮತ್ತೆ ಸುತ್ತಿ ಬಳಲಿದ ಒಂದನ್ನು ಹುಡುಕುತ್ತದೆ. ಹಲವು ಸಲ ಬರಿಗಾಲಲ್ಲಿ ಮರಳುತ್ತದೆ. ಕೊನೆಗೊಮ್ಮೆ ಸಿಕ್ಕಿದ ಬೇಟೆಯ ಚಿತ್ರ ಮಾತ್ರ ನಮ್ಮನ್ನು ತಲಪುತ್ತದೆ, ಅದೂ ‘ಕ್ರೂರಿ’, ‘ಪಾಪದ ಹಕ್ಕಿ’ ಎಂಬ ಅಡಿಬರಹಗಳೊಡನೆ. ಇದು ಹಸಿವನ್ನು ಪಾತಕವೆಂದು ಕರೆದಂತೆ. ಸೆಳೆವಕ್ಕೆ ಸಂಕಲ್ಪವಿಲ್ಲ, ಆಯ್ಕೆಯಿಲ್ಲ, ಹೊಟ್ಟೆಯಿದೆ. ಅದು ಸೋತ ಹತ್ತು ಪ್ರಯತ್ನಗಳನ್ನು ಬಿಟ್ಟು ಗೆದ್ದ ಒಂದನ್ನೇ ತೋರಿಸುವವನು ಸುಳ್ಳು ಹೇಳದಿದ್ದರೂ ಸತ್ಯವನ್ನು ಕುಂದಿಸುತ್ತಾನೆ.

ಇಂಥ ಚಿತ್ರವನ್ನು ಮಕ್ಕಳಿಂದಲೂ ಮುಚ್ಚಿಡಬೇಕಾದ ಕಾರಣವಿಲ್ಲ. ಹದ್ದು ಏನನ್ನು ತಿಂದು ಬದುಕುತ್ತದೆಂದು ತಿಳಿಯದ ಮಗು ಹದ್ದನ್ನು ತಿಳಿದಂತಾಗಲಿಲ್ಲ. ಆದರೆ ರೋಮಾಂಚಕ್ಕಾಗಿ ಬೇಟೆಯ ಕೊನೆಯ ಗಳಿಗೆಯನ್ನೇ ಸರಣಿಯಾಗಿ ಹಂಚುವಾಗ ಪ್ರಾಣಿಯ ಬದುಕು ಕೋಳಿಯಂಕದ ಮಟ್ಟಕ್ಕೆ ಇಳಿಯುತ್ತದೆ. ಅಲ್ಲದೆ ಈ ನಿರಪರಾಧಿ ಹಿಂಸೆಯ ಹಿಂದೆಯೂ ಕೆಲವೊಮ್ಮೆ ಮನುಷ್ಯನ ಕೈಯಿರುತ್ತದೆ. ಬೇಟೆಯನ್ನು ಹಿಡಿದು ಕುಳಿತ ಹಕ್ಕಿಯ ಬಳಿಗೆ ಇನ್ನೂ ನಾಲ್ಕು ಹೆಜ್ಜೆ ಹೋಗೋಣವೆಂದು ಛಾಯಾಗ್ರಾಹಕ ಮುಂದೊತ್ತಿದರೆ ಅದು ಆಹಾರವನ್ನು ಬಿಟ್ಟು ಹಾರಬಹುದು. ಆಗ ಒಂದು ಜೀವ ವ್ಯರ್ಥವಾಗಿ ಸತ್ತಿತು. ಇನ್ನೊಂದು ಹಸಿದು ಉಳಿಯಿತು. ಚಿತ್ರ ಮಾತ್ರ ಬಹುಮಾನ ಪಡೆಯಿತು.

೪

ಮನುಷ್ಯನು ಉತ್ತರವಾದಿಯಾಗಬೇಕಾದ ಸಾವಿನ ವಿಚಾರ ಬೇರೆ. ಅಲ್ಲಿ ಮುಚ್ಚಿಡುವುದೇ ದೋಷವಾಗಬಹುದು. ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

೨೦೧೯ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಉಪ್ಪುಸರೋವರದಲ್ಲಿ, ಸರ್ಕಾರದ ಲೆಕ್ಕದಂತೆ, ಸುಮಾರು ೧೮ ಸಾವಿರ ಹಕ್ಕಿಗಳು ಸತ್ತವು. ಅವುಗಳಲ್ಲಿ ಬಹುಪಾಲು ಚಳಿಗಾಲದ ವಲಸೆಗಾರರು. ಮೊದಮೊದಲು ನಾನಾ ಊಹೆಗಳೆದ್ದವು. ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಪರೀಕ್ಷಿಸಿ, ಇದು ಬಾಟುಲಿಸಂ ಎಂಬ ವಿಷಬಾಧೆಯೆಂದು ತಿಳಿಸಿತು. ಆಮ್ಲಜನಕವಿಲ್ಲದ ಕೆಸರಿನಲ್ಲಿಯೂ ಕೊಳೆಯುವ ಹೆಣದಲ್ಲಿಯೂ ಒಂದು ಬಗೆಯ ಬ್ಯಾಕ್ಟೀರಿಯ ಈ ವಿಷವನ್ನು ಹುಟ್ಟಿಸುತ್ತದೆ. ಹಕ್ಕಿಗೆ ಮೊದಲು ರೆಕ್ಕೆ, ಕಾಲುಗಳ ಶಕ್ತಿ ಹೋಗುತ್ತದೆ, ಬಳಿಕ ಕತ್ತು ಜೋಲುತ್ತದೆ. ತಲೆಯೆತ್ತಲಾರದೆ ಗೇಣುದ್ದದ ನೀರಿನಲ್ಲಿ ಮುಳುಗಿ ಸಾಯುವುದೂ ಉಂಟು. ಸತ್ತ ಹಕ್ಕಿಯಲ್ಲಿ ಹುಳುಗಳಾಗುತ್ತವೆ. ವಿಷವು ಆ ಹುಳುಗಳನ್ನು ಕೊಲ್ಲದೆ ಅವುಗಳ ಮೈಯಲ್ಲಿ ಕೂಡಿಕೊಳ್ಳುತ್ತದೆ. ಹುಳುಗಳನ್ನು ತಿಂದ ಹಕ್ಕಿಗಳು ಸಾಯುತ್ತವೆ, ಆ ಹೆಣಗಳಲ್ಲಿ ಮತ್ತೆ ಹುಳುಗಳಾಗುತ್ತವೆ. ಆದುದರಿಂದ ಹೆಣಗಳನ್ನು ಬೇಗಬೇಗನೆ ಎತ್ತಿ ಹೂಳುವುದೇ ಈ ಚಕ್ರವನ್ನು ಮುರಿಯುವ ಉಪಾಯ.

ನಾಟ್ಯಶಾಸ್ತ್ರ ಉದ್ವೇಗಿಯೆಂದು ಕರೆದ ಬೀಭತ್ಸದ ಆಲಂಬನ ಇಲ್ಲಿದೆ: ಹುಳು. ಸಾಂಭರದ ಚಿತ್ರದಿಂದ ಹುಳುಗಳನ್ನು ಅಸಹ್ಯವೆಂದು ಕತ್ತರಿಸಿ ತೆಗೆದರೆ ಕಾರಣವನ್ನೇ ಕತ್ತರಿಸಿದಂತಾಗುತ್ತದೆ. ದೂರದಿಂದ ತೆಗೆದ, ಬೆಳ್ಳಗಿನ ದಂಡೆಯ ಮೇಲೆ ಚುಕ್ಕೆಗಳಂತೆ ಚೆಲ್ಲಿದ ಹಕ್ಕಿಗಳ ಚಿತ್ರ ಕಣ್ಣಿಗೆ ಹಿತವಾಗಿ ಕಾಣಬಹುದು. ಆದರೆ ಅದು ತಿಳಿವಳಿಕೆಯನ್ನು ಕೊಡದು. ಹುಳುಗಳು ಕಾಣುವ ಚಿತ್ರವು ಅಡಿಬರಹ ಸಹಿತವಾದರೆ, ಏನು ಮಾಡಬೇಕೆಂಬುದನ್ನೂ ಹೇಳುತ್ತದೆ. ಜುಗುಪ್ಸೆಯು ಜ್ಞಾನಕ್ಕೆ ದಾರಿಯಾಗುವ ಸಂದರ್ಭವಿದು.

ಎರಡನೆಯ ನಿದರ್ಶನ ನಾಗಾಲ್ಯಾಂಡಿನದು. ಸೈಬೀರಿಯ ಮತ್ತು ಉತ್ತರ ಚೀನದ ಕಡೆಯಿಂದ ಆಫ್ರಿಕದ ದಕ್ಷಿಣಕ್ಕೆ ಹೋಗುವ ಅಮೂರ್ ಫಾಲ್ಕನ್ ಎಂಬ ಪುಟ್ಟ ಡೇಗೆಗಳು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ವೋಖಾ ಜಿಲ್ಲೆಯ ದೋಯಾಂಗ್ ಜಲಾಶಯದ ಬಳಿ ಅಪಾರ ಸಂಖ್ಯೆಯಲ್ಲಿ ತಂಗುತ್ತವೆ. ೨೦೧೨ರಲ್ಲಿ ಅಲ್ಲಿ ಮೀನಿನ ಬಲೆಗಳನ್ನು ಮರದಿಂದ ಮರಕ್ಕೆ ಕಟ್ಟಿ ಅವುಗಳನ್ನು ಹಿಡಿದು ಮಾರುತ್ತಿದ್ದುದನ್ನು ಬಾನೊ ಹರಾಲು, ಶಶಾಂಕ ದಳವಿ, ರಾಮ್ಕಿ ಶ್ರೀನಿವಾಸನ್, ರೊಕೊಹೆಬಿ ಕುವೊತ್ಸು ಇವರ ತಂಡ ಕಂಡು ದಾಖಲಿಸಿತು. ದಿನಕ್ಕೆ ೧೨ರಿಂದ ೧೪ ಸಾವಿರ ಹಕ್ಕಿಗಳು ಬಲಿಯಾಗುತ್ತಿದ್ದವೆಂದು ಅವರ ಅಂದಾಜು. ಬಲೆಯಲ್ಲಿ ತಲೆಕೆಳಗಾಗಿ ತೂಗುವ, ಜೀವಂತವಾಗಿಯೇ ಕಂತೆಕಟ್ಟಿದ ಹಕ್ಕಿಗಳ ಚಿತ್ರಗಳು ಕನ್ಸರ್ವೇಷನ್ ಇಂಡಿಯಾದ ಮೂಲಕ ಹೊರಬಿದ್ದಾಗ ದೇಶವಿದೇಶಗಳಲ್ಲಿ ಕಳವಳವೆದ್ದಿತು. ಮರುವರ್ಷ, ೨೦೧೩ರಲ್ಲಿ, ಪಾಂಗ್ಟಿ ಮೊದಲಾದ ಗ್ರಾಮಗಳು ಬಲೆ ಕಟ್ಟದಿರಲು ನಿಶ್ಚಯಿಸಿದವು. ಆ ಕೊಲೆ ನಿಂತಿತು. ಆ ನವೆಂಬರಿನಲ್ಲಿ ಉಪಗ್ರಹದ ಮೂಲಕ ದಾರಿ ತಿಳಿಯುವ ಸಾಧನ ತೊಡಿಸಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ವೋಖಾ, ಪಾಂಗ್ಟಿ ಎಂದೇ ಹೆಸರಿಟ್ಟರು.

ಈ ಚಿತ್ರಗಳು ಫಲಿಸಿದ್ದು ಅವುಗಳ ಘೋರತೆಯಿಂದ ಮಾತ್ರವೆಂದು ತಿಳಿಯಬಾರದು. ಅವುಗಳೊಡನೆ ಸ್ಥಳವಿತ್ತು, ಕಾಲವಿತ್ತು, ಕೊಲ್ಲುವ ಕ್ರಮದ ವಿವರವಿತ್ತು, ಲೆಕ್ಕವಿತ್ತು. ಬಳಿಕ ಗ್ರಾಮಸ್ಥರೊಡನೆ, ಚರ್ಚಿನ ಹಿರಿಯರೊಡನೆ, ಆಡಳಿತದೊಡನೆ ನಡೆದ ಮಾತುಕತೆಯಿತ್ತು. ಇದಾವುದೂ ಇಲ್ಲದೆ ಬಲೆ ಹಿಡಿದ ಬಡವನ ಮುಖವೊಂದೇ ದೇಶವನ್ನು ಸುತ್ತಿದ್ದರೆ, ಪರಿಣಾಮ ಆ ಜನರ ಮೇಲಣ ತಿರಸ್ಕಾರ ಮಾತ್ರವಾಗುತ್ತಿತ್ತು. ಕ್ರೌಂಚವಧೆಯ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ವಾಲ್ಮೀಕಿಯ ಶೋಕ ಶ್ಲೋಕವಾಯಿತೆಂದು ನಾವು ಬಲ್ಲೆವು. ಆದರೆ ಆ ಶ್ಲೋಕವು ಬೇಡನಿಗಿತ್ತ ಶಾಪ. ಅಷ್ಟಕ್ಕೇ ನಿಂತಿದ್ದರೆ ರಾಮಾಯಣವಿಲ್ಲ. ಬ್ರಹ್ಮನು ಬಂದು ಕವಿಗೆ ಕಾವ್ಯರಚನೆಯ ಕಾರ್ಯವನ್ನು ವಹಿಸಿದ ಮೇಲೆಯೇ ಶೋಕಕ್ಕೆ ಮುಂದಣ ದಾರಿ ತೆರೆಯಿತು. ಪಾಂಗ್ಟಿಯಲ್ಲಿ ಬೇಡರೇ ಕಾವಲುಗಾರರಾದುದು ಚಿತ್ರದ ಶಾಪದಿಂದಲ್ಲ, ಅದರ ಹಿಂದೆ ಬಂದ ಕಾರ್ಯದಿಂದ.

೫

ಇನ್ನು ರಕ್ತವಿಲ್ಲದ ಚಿತ್ರಗಳನ್ನು ನೋಡೋಣ. ಇವುಗಳ ವಿಷಯದಲ್ಲಿಯೇ ನಮ್ಮ ವಿಮರ್ಶೆ ಹೆಚ್ಚಾಗಿ ಕಣ್ಣು ಮುಚ್ಚಿರುವುದು.

ಗೇಟ್‌ವೇಯಿಂದ ಮಾಂಡವೆಗೆ ಹೋಗುವ ದೋಣಿಯನ್ನು ಚಳಿಗಾಲದಲ್ಲಿ ಹತ್ತಿದವರಿಗೆ ಕಡಲಹಕ್ಕಿಗಳ ಬೆಂಬತ್ತುವಿಕೆ ಗೊತ್ತು. ಪ್ರಯಾಣಿಕರು ಸೇವು, ಗಾಠಿಯಾ ಎಸೆಯುತ್ತಾರೆ, ಹಕ್ಕಿಗಳು ಗಾಳಿಯಲ್ಲಿಯೇ ಹಿಡಿಯುತ್ತವೆ, ಕ್ಯಾಮರಾಗಳು ತೆರೆಯುತ್ತವೆ. ದಿಲ್ಲಿಯ ಯಮುನಾ ಘಾಟಿನ ಹೊಂಬೆಳಗಿನ ಚಿತ್ರಗಳೂ ಬಹುಮಟ್ಟಿಗೆ ಹೀಗೆಯೇ ಹುಟ್ಟುತ್ತವೆ. ಮೀನು, ಸಿಗಡಿ ತಿಂದು ಬಾಳಬೇಕಾದ ಹಕ್ಕಿಗೆ ಉಪ್ಪು ಹಚ್ಚಿ ಎಣ್ಣೆಯಲ್ಲಿ ಕರಿದ ಹಿಟ್ಟು ಆಹಾರವಲ್ಲ. ಚಿತ್ರದಲ್ಲಿ ಬಿಳಿಯ ರೆಕ್ಕೆ, ಚಿನ್ನದ ನೀರು, ದಯಾಳುವಾದ ಕೈ ಕಾಣುತ್ತವೆ. ಹೊಟ್ಟೆಯೊಳಗಿನದು ಕಾಣುವುದಿಲ್ಲ.

ಜಲಾಶಯದ ಹಿನ್ನೀರುಗಳಲ್ಲಿ ದೋಣಿಯನ್ನು ಹಿಂಡಿನತ್ತ ನುಗ್ಗಿಸಿ ಹಕ್ಕಿಗಳನ್ನೆಬ್ಬಿಸಿ ‘ಹಾರುವ ಹಿಂಡಿನ’ ಚಿತ್ರ ಪಡೆಯುವುದೂ ರೂಢಿ. ರಾಜಹಂಸವು ತಲೆಕೆಳಗಾಗಿ ಕೊಕ್ಕನ್ನದ್ದಿ, ಕೆಸರುನೀರನ್ನು ಸೋಸಿ ಸೋಸಿ ಕಣಕಣವಾಗಿ ಹೊಟ್ಟೆ ತುಂಬಿಸಿಕೊಳ್ಳುವ ಜೀವಿ. ಹಿಮಾಲಯವನ್ನು ದಾಟಿ ಬಂದ ಪಟ್ಟೆತಲೆಯ ಹೆಬ್ಬಾತಿಗೆ ಚಳಿಗಾಲದ ಮೇವು ಮರುಪಯಣದ ಬುತ್ತಿ. ಒಂದೊಂದು ಸಲ ಎಬ್ಬಿಸಿದಾಗಲೂ ಆ ಬುತ್ತಿಯಿಂದ ಒಂದು ಹಿಡಿ ಕರಗುತ್ತದೆ. ಒಂದು ದೋಣಿಯಿಂದ ಆದ ನಷ್ಟ ಅಲ್ಪವಿರಬಹುದು. ಆದರೆ ದಿನವೂ ಸಾಲುಗಟ್ಟುವ ದೋಣಿಗಳ ಲೆಕ್ಕವನ್ನು ಹಕ್ಕಿಯೇ ತೀರಿಸಬೇಕು. ಗೂಡುಗಳ ವಿಷಯ ಇನ್ನೂ ಸೂಕ್ಷ್ಮ. ಹಿಂದೆ ಮಸೂರಗಳು ಗಿಡ್ಡವಾಗಿ, ಫಿಲ್ಮು ಮಂದವಾಗಿದ್ದಾಗ, ಹಕ್ಕಿ ಮತ್ತೆ ಮತ್ತೆ ಬರುವ ಗೂಡಿನ ಬಳಿ ಮರೆಯಲ್ಲಿ ಕಾಯುವುದೊಂದೇ ಹಲವರಿಗೆ ಸಾಧ್ಯವಾದ ದಾರಿಯಾಗಿತ್ತು. ಆ ತಲೆಮಾರನ್ನು ಇಂದಿನ ನಿಯಮದಿಂದ ಅಳೆಯುವುದು ನ್ಯಾಯವಲ್ಲ. ದೂರದಿಂದಲೇ ಗರಿಗರಿಯನ್ನೂ ಎಣಿಸುವ ಮಸೂರಗಳು ಇರುವಾಗಲೂ ಗೂಡಿನ ಮರೆಯ ರೆಂಬೆಗಳನ್ನು ಕತ್ತರಿಸುವವನಿಗೆ ಆ ಸಮಾಧಾನ ಸಲ್ಲದು. ಮರೆ ಹೋದ ಗೂಡನ್ನು ಕಾಗೆ ಕಾಣುತ್ತದೆ, ಬಿಸಿಲು ಕಾಣುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ರಸಿಕತೆಗಿಂತ ಮುಂದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಶಬ್ದವನ್ನು ನಿರೂಪಿಸುವಾಗ ಕೊಲ್ಲುವುದನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ಅಟ್ಟುವುದು, ಆಮಿಷವೊಡ್ಡುವುದು, ಕಾಡುಹಕ್ಕಿಯ ಮೊಟ್ಟೆಗೂಡುಗಳನ್ನು ಕದಡುವುದು ಇವನ್ನೂ ಆ ಶಬ್ದದೊಳಗೆ ಸೇರಿಸುತ್ತದೆ. ಛಾಯಾಗ್ರಾಹಕನನ್ನು ಉದ್ದೇಶಿಸಿ ಬರೆದ ಮಾತಲ್ಲ ಅದು. ಆದರೂ ಅದರ ತರ್ಕ ಅವನನ್ನು ಮುಟ್ಟದೆ ಬಿಡುವುದಿಲ್ಲ. ‘ಫೋಟೋ ಹೊಡೆಯುವುದು’ ಎಂಬ ನಮ್ಮ ಆಡುಮಾತಿನಲ್ಲಿಯೂ ಈ ತರ್ಕದ ಎಳೆಯೊಂದು ಅಡಗಿದೆಯೋ ಏನೋ.

ಇಲ್ಲಿ ಜನ್ನನ ನೆನಪಾಗುವುದು ಸಹಜ. ೧೨೦೯ರಲ್ಲಿ ರಚಿತವಾದ ಯಶೋಧರಚರಿತೆಯಲ್ಲಿ ಯಶೋಧರನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯವನ್ನೂ ಮೀರಲಾರ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುವುದೆಂದು ತೀರ್ಮಾನವಾಗುತ್ತದೆ. ಕತ್ತಿಯ ಏಟಿಗೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಒಂದು ತೊಟ್ಟು ರಕ್ತವೂ ಬೀಳದ ಆ ಬಲಿಗಾಗಿ ತಾಯಿಮಕ್ಕಳಿಬ್ಬರೂ ನವಿಲಾಗಿ, ನಾಯಾಗಿ, ಮುಂದೆ ಇನ್ನೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಗಿರೀಶ ಕಾರ್ನಾಡರು ೧೯೮೦ರಲ್ಲಿ ‘ಹಿಟ್ಟಿನ ಹುಂಜ’ವೆಂದು ಇದೇ ವಸ್ತುವನ್ನು ನಾಟಕಕ್ಕೆ ತಂದುದರಿಂದ ಅದು ಆಧುನಿಕರಿಗೂ ಅಪರಿಚಿತವಲ್ಲ. ಜೈನಕವಿಯು ಇಲ್ಲಿ ಸಂಕಲ್ಪಹಿಂಸೆಯ ತತ್ತ್ವವನ್ನು ಕಥೆಯಾಗಿಸಿದ್ದಾನೆ. ಹಿಂಸೆಯ ತೂಕ ಸುರಿದ ರಕ್ತದಲ್ಲಿ ಇಲ್ಲ, ಎತ್ತಿದ ಕೈಯ ಬಗೆಯಲ್ಲಿದೆ.

ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರವಾದ ರೂಪಕ ಸಿಕ್ಕುವುದು ಕಷ್ಟ. ಹಿಟ್ಟಿನ ಕೋಳಿಯೂ ಹಕ್ಕಿಯ ಪ್ರತಿಮೆ. ಛಾಯಾಚಿತ್ರವೂ ಹಕ್ಕಿಯ ಪ್ರತಿಮೆ. ಪ್ರತಿಮೆಯನ್ನು ಪಡೆಯುವ ಕೈ ಯಾವ ಸಂಕಲ್ಪದಿಂದ ಚಾಚಿತು ಎಂಬುದೇ ಎರಡರಲ್ಲಿಯೂ ಪ್ರಶ್ನೆ. ‘ನಾನು ಕೊಲ್ಲಲಿಲ್ಲ, ಚಿತ್ರ ತೆಗೆದೆನಷ್ಟೆ’ ಎಂಬ ಸಮಾಧಾನ ಯಶೋಧರನ ಸಮಾಧಾನವೇ. ಒಂದು ವ್ಯತ್ಯಾಸವುಂಟು. ಕಥೆಯಲ್ಲಿ ಹಿಟ್ಟಿನ ಕೋಳಿ ಕೂಗಿ ತಪ್ಪನ್ನು ತಿಳಿಸಿತು. ಚಿತ್ರದ ಹಕ್ಕಿ ಕೂಗುವುದಿಲ್ಲ. ಅದರ ಪರವಾಗಿ ಕೂಗಬೇಕಾದವನು ವಿಮರ್ಶಕ.

೬

ಈ ನಿಲವಿಗೆ ಬರಬಹುದಾದ ಆಕ್ಷೇಪಗಳನ್ನು ಗಮನಿಸುವುದು ಅಗತ್ಯ.

ಸಂಕಲ್ಪವೇ ಅಳತೆಯಾದರೆ ಅದನ್ನು ನೋಡುಗನು ಅರಿಯುವುದು ಹೇಗೆ ಎಂಬುದು ಮೊದಲನೆಯದು. ಬಹಳ ಸಲ ಚಿತ್ರವೇ ಸಾಕ್ಷಿ ಹೇಳುತ್ತದೆ. ಮೇಯುವ ಹಿಂಡು ನಿಶ್ಚಿಂತವಾಗಿದ್ದರೆ ತಲೆಗಳು ತಗ್ಗಿರುತ್ತವೆ. ಎಲ್ಲ ಕತ್ತುಗಳೂ ಒಮ್ಮೆಗೇ ನಿಮಿರಿದ್ದರೆ ಯಾರೋ ಅತಿಯಾಗಿ ಸಮೀಪಿಸಿದ್ದಾರೆ. ಹಿಂಡೆಲ್ಲ ಕ್ಯಾಮರಾಕ್ಕೆ ಬೆನ್ನು ಮಾಡಿ ಚೆದರಿ ಏಳುತ್ತಿದ್ದರೆ ಎಬ್ಬಿಸಿದವನಾರೆಂದು ಕೇಳಬಹುದು. ಹಗಲಿನಲ್ಲಿ ಅರೆಗಣ್ಣಾಗಿ ಕೂರಬೇಕಾದ ಗೂಬೆ ಕಣ್ಣರಳಿಸಿ ನಮ್ಮನ್ನೇ ದಿಟ್ಟಿಸುತ್ತಿದ್ದರೆ ಅದು ಸೌಂದರ್ಯವಾಗಿರದೆ ಭಯವಾಗಿರಬಹುದು. ಗೂಡಿನ ಸುತ್ತ ಹೊಸದಾಗಿ ಕಡಿದ ರೆಂಬ್ಬೆಯ ಬಿಳಿಯ ತುದಿ ಕಂಡರೆ ಬೇರೆ ಸಾಕ್ಷಿ ಬೇಡ. ಹಸ್ತಪ್ರತಿಯ ಪಾಠದೋಷವನ್ನು ಅಕ್ಷರದ ಒಂದು ಗೀಟಿನಿಂದ ಹಿಡಿಯುವ ವಿದ್ವಾಂಸರಿರುವ ನಾಡಿನಲ್ಲಿ ಇಂಥ ಓದು ಕಲಿಯಲಾಗದ ವಿದ್ಯೆಯೇನಲ್ಲ.

ಘೋರ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರೆ ಮನಸ್ಸು ಜಡ್ಡುಗಟ್ಟುವುದೆಂಬುದು ಎರಡನೆಯ ಆಕ್ಷೇಪ. ಇದು ನಿಜ. ಕಾರ್ಯಕ್ಕೆ ದಾರಿಯಿಲ್ಲದ ಶೋಕವು ಮೊದಲು ಬೇಸರವಾಗಿ, ಆಮೇಲೆ ಉದಾಸೀನವಾಗಿ ಮಾಗುತ್ತದೆ. ಆದರೆ ಇದರಿಂದ ಸಿದ್ಧವಾಗುವುದು ಮುಚ್ಚಿಡಬೇಕೆಂಬುದಲ್ಲ. ಮಿತವಾಗಿ, ಕಾರಣಸಹಿತವಾಗಿ, ಮುಂದೇನೆಂಬುದರೊಡನೆ ತೋರಿಸಬೇಕೆಂಬುದು.

ಮೂರನೆಯದು ಹಂಚುವ ರೀತಿಗೆ ಸಂಬಂಧಿಸಿದ್ದು. ಪ್ರದರ್ಶನಕ್ಕೆ ಬರುವವನು ನೋಡಲೆಂದು ಮನಸ್ಸು ಮಾಡಿ ಬರುತ್ತಾನೆ. ಮೊಬೈಲಿನಲ್ಲಿ ಹಾಗಲ್ಲ; ಊಟದ ಹೊತ್ತಿಗೆ, ಮಗುವಿನ ಕೈಯಲ್ಲಿ, ಕೇಳದೆಯೇ ಚಿತ್ರ ತೆರೆದುಕೊಳ್ಳುತ್ತದೆ. ಇಲ್ಲಿ ಪ್ರವೇಶಕದ ವಿಧಿಯನ್ನು ಅಕ್ಷರಶಃ ಪಾಲಿಸುವುದು ಲೇಸು. ಮೊದಲು ಮಾತು, ಆಮೇಲೆ ಚಿತ್ರ, ಅದೂ ಬೇಕೆಂದವರಿಗೆ. ಇದು ಮಡಿವಂತಿಕೆಯಲ್ಲ, ನೋಡುಗನನ್ನೂ ಸತ್ತ ಜೀವವನ್ನೂ ಗೌರವಿಸುವ ಸೌಜನ್ಯ.

ಸ್ಥಳವನ್ನು ಹೇಳುವ ವಿಚಾರದಲ್ಲಿಯೂ ಒಂದು ವಿವೇಕ ಬೇಕು. ಮನುಷ್ಯನಿಂದಾದ ಸಾವಿನ ಚಿತ್ರಕ್ಕೆ ಸ್ಥಳವನ್ನು ಸ್ಪಷ್ಟವಾಗಿ ಹೇಳಬೇಕು; ಸ್ಥಳವಿಲ್ಲದ ದೂರನ್ನು ಯಾವ ಅಧಿಕಾರಿಯೂ ವಿಚಾರಿಸಲಾರ. ಬದುಕಿರುವ ಅಪೂರ್ವ ಹಕ್ಕಿಯ, ಗೂಡಿನ, ಗೂಬೆಯ ತಾಣದ ಚಿತ್ರಕ್ಕೆ ಸ್ಥಳವನ್ನು ಮರೆಸಬೇಕು; ಹೇಳಿದ ಮರುದಿನ ಅಲ್ಲಿ ಸಂತೆ ನೆರೆಯುತ್ತದೆ. ಇಂದು ನಡೆಯುತ್ತಿರುವುದು ಹೆಚ್ಚಾಗಿ ಇದಕ್ಕೆ ವಿಪರೀತ: ಸಾವಿನ ಚಿತ್ರಕ್ಕೆ ವಿಳಾಸವಿಲ್ಲ, ಗೂಡಿನ ಚಿತ್ರಕ್ಕೆ ನಕಾಶೆಯೇ ಉಂಟು.

ಹೊರನಾಡಿನ ನಮ್ಮ ಸಂಘಗಳು ಸಂಗೀತ, ಯಕ್ಷಗಾನಗಳೊಡನೆ ಛಾಯಾಚಿತ್ರ ಪ್ರದರ್ಶನ, ಸ್ಪರ್ಧೆಗಳನ್ನೂ ಏರ್ಪಡಿಸುವ ಸಾಧ್ಯತೆಯುಳ್ಳವು. ಅಂಥ ಕಡೆ ತೀರ್ಪುಗಾರರು ಮಾಡಬಹುದಾದ ಕೆಲಸ ಕಠಿಣವಲ್ಲ. ಒಂದೊಂದು ಚಿತ್ರದೊಡನೆಯೂ ಅದನ್ನು ತೆಗೆದ ಬಗೆಯನ್ನು ನಾಲ್ಕು ಸಾಲುಗಳಲ್ಲಿ ಬರೆಯಿಸಿಕೊಳ್ಳಲಿ: ಎಷ್ಟು ದೂರದಿಂದ, ಎಷ್ಟು ಹೊತ್ತು, ಆಮಿಷವೊಡ್ಡಿಯೋ ಒಡ್ಡದೆಯೋ, ಹಕ್ಕಿ ಅಲ್ಲಿಯೇ ಉಳಿಯಿತೋ ಹಾರಿಹೋಯಿತೋ. ರಕ್ತವುಳ್ಳ ಚಿತ್ರವನ್ನು ರಕ್ತಕ್ಕಾಗಿಯೇ ತಳ್ಳದಿರಲಿ; ಅದರ ಅಡಿಬರಹ ಕಾರಣವನ್ನು ಹೇಳುತ್ತದೆಯೆ ಎಂದು ನೋಡಲಿ. ರಕ್ತವಿಲ್ಲದ ಚಿತ್ರವನ್ನು ಚೆಲುವಿಗಾಗಿಯೇ ಮೇಲಕ್ಕೇರಿಸದಿರಲಿ. ಆ ಚೆಲುವಿನ ಬೆಲೆಯನ್ನು ತೆತ್ತವರಾರೆಂದು ಕೇಳಲಿ. ಹೀಗೆ ಕೇಳುವ ರೂಢಿ ಬೆಳೆದರೆ ದೋಣಿಯವನಿಗೂ ಹಿಂಡಿನತ್ತ ನುಗ್ಗಬೇಕೆಂಬ ಒತ್ತಡ ತಗ್ಗುತ್ತದೆ, ಏಕೆಂದರೆ ಅಂಥ ಚಿತ್ರಕ್ಕೆ ಮೆಚ್ಚುಗೆಯೇ ಇರುವುದಿಲ್ಲ.

ಮುಂಬರುವ ಚಳಿಗಾಲದಲ್ಲಿಯೂ ಠಾಣೆಯ ಖಾಡಿಗೆ ರಾಜಹಂಸಗಳು ಬರುತ್ತವೆಂದು ನಂಬೋಣ. ಅವುಗಳ ಚಿತ್ರಗಳೂ ಬರುತ್ತವೆ. ಕೆಲವು ಸುಂದರವಾಗಿ, ಕೆಲವು ದಾರುಣವಾಗಿ. ಯಾವುದನ್ನು ನೋಡಿದಾಗಲೂ ಕೇಳಬೇಕಾದ ಮಾತು ಒಂದೇ: ಈ ಚಿತ್ರ ನಮಗೆ ದೊರೆತುದರಿಂದ ಹಕ್ಕಿಗೆ ಆದುದೇನು? ಇದಕ್ಕೆ ಉತ್ತರವಿರುವ ಚಿತ್ರವನ್ನು, ಅದೆಷ್ಟು ಘೋರವಾಗಿದ್ದರೂ, ಧೈರ್ಯವಾಗಿ ಹಂಚಬಹುದು. ಉತ್ತರವಿಲ್ಲದ ಚಿತ್ರ ಎಷ್ಟೇ ಚೆಲುವಾಗಿದ್ದರೂ ಅದನ್ನು ಮುಂದಕ್ಕೆ ದಾಟಿಸುವ ಮೊದಲು ಬೆರಳನ್ನು ತಡೆಯುವುದು ನೋಡುಗನ ಕರ್ತವ್ಯ.